ಖಾತೆಯಿಲ್ಲದ ನಷ್ಟ

ಕನ್ನಡದಲ್ಲಿ ನಾವು ‘ಜಾಮೀನು’ ಎನ್ನುತ್ತೇವೆ, ಮಲಯಾಳದಲ್ಲಿ ‘ಜಾಮ್ಯಂ’ ಎನ್ನುತ್ತಾರೆ. ಎರಡೂ ಒಂದೇ ಬೇರಿನ ಶಬ್ದಗಳು. ಅರಬಿಯಲ್ಲಿ ‘ಜಾಮಿನ್’ ಎಂದರೆ ಇನ್ನೊಬ್ಬನಿಗಾಗಿ ಹೊಣೆ ನಿಲ್ಲುವವನು. ಬ್ಯಾಂಕಿನ ಗುಮಾಸ್ತನಾದ ನನಗೆ ಇದು ದಿನಬಳಕೆಯ ಮಾತು. ಸಾಲದ ಕಾಗದಪತ್ರಗಳಲ್ಲಿ ಜಾಮೀನುದಾರರ ಸಹಿ ಎಲ್ಲೆಲ್ಲಿ ಬೀಳಬೇಕೆಂದು ಪೆನ್ಸಿಲಿನಿಂದ ಗುರುತು ಹಾಕಿಕೊಡುವುದು ನನ್ನ ಕೆಲಸಗಳಲ್ಲೊಂದು. ಅದೇ ಶಬ್ದಕ್ಕೆ ನ್ಯಾಯಾಲಯದಲ್ಲಿ ಎಂಥ ಭಾರವಿದೆ ಎಂಬುದು ನನಗೆ ತಿಳಿದದ್ದು ಕೆಲವು ವರ್ಷಗಳ ಹಿಂದೆ, ಒಂದು ಗುರುವಾರ ಮಧ್ಯಾಹ್ನ.

ಆಗ ನಾನು ಗಡಿಗೆ ಹತ್ತಿರದ ಒಂದು ಶಾಖೆಯಲ್ಲಿದ್ದೆ. ಬೀಡಿ ಕಟ್ಟಿ ಬದುಕುವ ಒಬ್ಬ ಹೆಂಗಸು ಕೌಂಟರಿಗೆ ಬಂದರು. ಅವರ ತಮ್ಮ ಒಂದು ಹೊಡೆದಾಟದ ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದ. ಪೆಟ್ಟು ತಿಂದವರಲ್ಲಿ ಒಬ್ಬರು ತೀರಿಕೊಂಡಿದ್ದರಿಂದ ಅದು ಕೊಲೆ ಪ್ರಕರಣವಾಗಿತ್ತು. ತಿಂಗಳುಗಟ್ಟಲೆ ಜೈಲಿನಲ್ಲಿದ್ದ ಮೇಲೆ ಜಾಮೀನು ಮಂಜೂರಾಗಿತ್ತು. ಇಬ್ಬರು ಆಸ್ತಿವಂತರು ಹೊಣೆ ನಿಲ್ಲಬೇಕಾಗಿತ್ತು. ತಮ್ಮನ ಪಾಲಿನ ಜಾಗ ಗಡಿಯಾಚೆ ಬಂಟ್ವಾಳ ತಾಲೂಕಿನಲ್ಲಿತ್ತು. ಅಲ್ಲಿಯ ಪಹಣಿ ಇಲ್ಲಿ ನಡೆಯುವುದು ಕಷ್ಟ ಎಂದಿದ್ದರಂತೆ. ಅಕ್ಕನ ಹದಿನೈದು ಸೆಂಟ್ಸಿನ ಆಧಾರ ನಮ್ಮ ಬ್ಯಾಂಕಿನಲ್ಲಿ ಅಡವಿತ್ತು. ಕರ ರಶೀದಿಯ ಜೊತೆ ಆಧಾರದ ಒಂದು ಪ್ರತಿಯೂ ಬ್ಯಾಂಕಿನ ಪತ್ರವೂ ಇದ್ದರೆ ಒಳ್ಳೆಯದೆಂದು ವಕೀಲರ ಗುಮಾಸ್ತರು ಹೇಳಿ ಕಳುಹಿಸಿದ್ದರು.

“ಅವ ಎಲ್ಲಿಗೆ ಓಡಿ ಹೋಗ್ತಾನೆ ಸಾರ್? ಓಡ್ಲಿಕ್ಕೆ ಬಸ್ಸಿನ ದುಡ್ಡಾದರೂ ಬೇಡವಾ?” ಎಂದರು.

ಮೆನೇಜರರು ರಜೆಯಲ್ಲಿದ್ದರು. ನಾನು ಫೋನು ಮಾಡಿ ಕೇಳಬಹುದಾಗಿತ್ತು. ಕೇಳಲಿಲ್ಲ. “ಸೋಮವಾರ ಬನ್ನಿ” ಎಂದೆ. ಸೋಮವಾರ ಅರ್ಜಿ ಬರೆಸಿಕೊಂಡು ಮಂಗಳವಾರ ಪ್ರತಿ ಕೊಟ್ಟೆವು. ನಿಯಮದ ಪ್ರಕಾರ ನನ್ನದು ಏನೂ ತಪ್ಪಿಲ್ಲ. ಗುರುವಾರದಿಂದ ಮಂಗಳವಾರಕ್ಕೆ ಐದು ರಾತ್ರಿ. ಆ ಐದು ರಾತ್ರಿಗಳನ್ನು ಅವನು ಜೈಲಿನಲ್ಲಿ ಕಳೆದದ್ದು ನ್ಯಾಯಾಧೀಶರ ಆದೇಶದಿಂದಲ್ಲ, ನನ್ನ ‘ಸೋಮವಾರ’ದಿಂದ ಎಂಬುದು ಹೊಳೆದಾಗ ಕೆಲಸ ಮುಗಿದುಹೋಗಿತ್ತು. ಜಾಮೀನಿನ ಬಗ್ಗೆ ನಾನು ಓದಲು ತೊಡಗಿದ್ದು ಆ ಮೇಲೆ. ನಾನು ಕಾನೂನು ಕಲಿತವನಲ್ಲ, ಬಿ.ಎ. ಮಾಡಿ ಬ್ಯಾಂಕು ಸೇರಿದವನು. ಆದರೆ ಗಂಡಾಂತರವನ್ನು ತೂಗುವುದೆಂದರೆ ಏನೆಂದು ನನ್ನ ಮೇಜು ನನಗೆ ಸ್ವಲ್ಪ ಕಲಿಸಿದೆ.

ಬ್ಯಾಂಕಿನಲ್ಲಿ ಕೊಟ್ಟ ಸಾಲ ಮುಳುಗಿದರೆ ಅದಕ್ಕೆ ಖಾತೆಯಿದೆ, ಹೆಸರಿದೆ, ಲೆಕ್ಕಪರಿಶೋಧಕರ ಟಿಪ್ಪಣಿಯಿದೆ. ಶಿಫಾರಸು ಮಾಡಿದವರು ಯಾರು, ಮಂಜೂರು ಮಾಡಿದವರು ಯಾರು ಎಂದು ವರ್ಷಗಳ ಮೇಲೂ ಕೇಳುತ್ತಾರೆ. ಆದರೆ ಪ್ರಾಮಾಣಿಕವಾಗಿ ತೀರಿಸುತ್ತಿದ್ದ ಒಬ್ಬನಿಗೆ ನಾವು ಸಾಲ ಕೊಡದೆ ಕಳುಹಿಸಿದರೆ, ಅವನು ಮೀಟರ್ ಬಡ್ಡಿಯವರ ಕೈಗೆ ಬಿದ್ದು ಹಾಳಾದರೆ, ಆ ನಷ್ಟವನ್ನು ಬರೆಯುವ ಪುಸ್ತಕ ಯಾವ ಬ್ಯಾಂಕಿನಲ್ಲೂ ಇಲ್ಲ. ಆದ್ದರಿಂದ ನಮ್ಮಂಥವರು ಬಹುಬೇಗ ಒಂದು ಪಾಠ ಕಲಿಯುತ್ತೇವೆ: ‘ಆಗದು’ ಎನ್ನುವವನು ಎಂದೂ ಸಿಕ್ಕಿಬೀಳುವುದಿಲ್ಲ.

ನ್ಯಾಯಾಲಯದ ತಕ್ಕಡಿಗೂ ಇದೇ ತೊಂದರೆ ಇದೆಯೆಂದು ನನಗೆ ತೋರುತ್ತದೆ. ಕೊಲೆಯಂಥ ಪ್ರಕರಣದಲ್ಲಿ ಜಾಮೀನು ಕೊಟ್ಟ ಆರೋಪಿ ಓಡಿಹೋದರೆ, ಸಾಕ್ಷಿಯನ್ನು ಬೆದರಿಸಿದರೆ, ಮತ್ತೊಂದು ಅಪರಾಧ ಮಾಡಿದರೆ ಮರುದಿನವೇ ಅದು ಪತ್ರಿಕೆಯ ಸುದ್ದಿ. ಬಿಟ್ಟ ನ್ಯಾಯಾಧೀಶರು ಯಾರೆಂದು ಊರೇ ಕೇಳುತ್ತದೆ. ಜಾಮೀನು ಸಿಗದೆ ಒಳಗೇ ಉಳಿದವನು, ಬಿಟ್ಟಿದ್ದರೆ ಪ್ರತಿ ವಾಯಿದೆಗೂ ತಪ್ಪದೆ ಹಾಜರಾಗುತ್ತಿದ್ದವನಾಗಿದ್ದರೆ? ಅದು ಯಾರಿಗೂ ತಿಳಿಯುವುದಿಲ್ಲ, ತಿಳಿಯುವ ದಾರಿಯೂ ಇಲ್ಲ. ಬಿಟ್ಟು ತಪ್ಪಿದರೆ ತಪ್ಪು ಕಾಣುತ್ತದೆ. ಬಿಡದೆ ತಪ್ಪಿದರೆ ಅದು ಎಚ್ಚರಿಕೆಯಂತೆಯೇ ಕಾಣುತ್ತದೆ.

ಕಾನೂನು ಕೇಳುವ ಪ್ರಶ್ನೆಗಳಾದರೂ ಯಾವುವು? 1973ರ ದಂಡ ಪ್ರಕ್ರಿಯಾ ಸಂಹಿತೆಯ 437 ಮತ್ತು 439ನೆಯ ಕಲಮುಗಳಲ್ಲಿದ್ದ ಜಾಮೀನಿನ ವಿಚಾರ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480 ಮತ್ತು 483ನೆಯ ಕಲಮುಗಳಿಗೆ ಬಂದಿದೆ. ಅಂಕೆ ಬದಲಾದರೂ ತಿರುಳು ಹೆಚ್ಚೇನೂ ಬದಲಾಗಿಲ್ಲ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗುವ ಅಪರಾಧವೆಂದಾದರೆ ಮ್ಯಾಜಿಸ್ಟ್ರೇಟರ ಕೈ ಬಹುಮಟ್ಟಿಗೆ ಕಟ್ಟಿರುತ್ತದೆ. ಸೆಷನ್ಸ್ ಕೋರ್ಟಿಗೂ ಹೈಕೋರ್ಟಿಗೂ ವಿಶೇಷ ಅಧಿಕಾರವಿದೆ. ಅವರು ನೋಡುವುದು ಮುಖ್ಯವಾಗಿ ಇಷ್ಟು: ಮೇಲ್ನೋಟಕ್ಕೆ ಆರೋಪದಲ್ಲಿ ಹುರುಳಿದೆಯೇ, ಅಪರಾಧ ಎಷ್ಟು ಗುರುತರ, ಆರೋಪಿ ತಲೆಮರೆಸಿಕೊಂಡಾನೇ, ಸಾಕ್ಷಿಗಳ ಮೇಲೆ ಪ್ರಭಾವ ಬೀರಿಯಾನೇ, ಮತ್ತೆ ಅಪರಾಧ ಮಾಡಿಯಾನೇ. ಇವುಗಳಲ್ಲಿ ಕೊನೆಯ ಮೂರೂ ಇನ್ನೂ ನಡೆಯದ ಸಂಗತಿಗಳ ಬಗ್ಗೆ. ನಡೆದುಹೋದ ಕೃತ್ಯವನ್ನು ಸಾಬೀತು ಮಾಡಲು ಸಾಕ್ಷಿ ಬೇಕು, ಪಾಟೀಸವಾಲು ಬೇಕು, ಸಂಶಯಕ್ಕೆಡೆಯಿಲ್ಲದ ಪುರಾವೆ ಬೇಕು. ನಡೆಯದಿರುವ ಕೃತ್ಯದ ಬಗ್ಗೆ ಒಂದು ಊಹೆ ಸಾಕಾಗುತ್ತದೆ.

ಇಲ್ಲಿ ನಮ್ಮ ಉತ್ತರ ಕೇರಳದವರೇ ಎನ್ನಬಹುದಾದ ಒಬ್ಬರನ್ನು ನೆನೆಯಬೇಕು. ವಿ. ಆರ್. ಕೃಷ್ಣ ಅಯ್ಯರ್ ತಲಶ್ಶೇರಿಯಲ್ಲಿ ವಕೀಲರಾಗಿದ್ದವರು. 1948ರಲ್ಲಿ ಸ್ವತಃ ಸುಮಾರು ಒಂದು ತಿಂಗಳು ಬಂಧನದಲ್ಲಿದ್ದವರು. 1957ರ ಇ.ಎಂ.ಎಸ್. ಸಂಪುಟದಲ್ಲಿ ಕಾನೂನು, ಜೈಲು ಮೊದಲಾದ ಖಾತೆಗಳನ್ನು ನೋಡಿಕೊಂಡವರು. 1973ರಿಂದ 1980ರವರೆಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದರು. ಜಾಮೀನು ಸಾಮಾನ್ಯ ನಿಯಮ, ಜೈಲು ಅದಕ್ಕೆ ಅಪವಾದ ಎಂಬ ವಿಚಾರವನ್ನು 1977ರಲ್ಲಿ ರಾಜಸ್ಥಾನದ ಬಾಲ್‌ಚಂದ್ ಪ್ರಕರಣದಲ್ಲಿ ಸ್ಥಾಪಿಸಿದವರು ಅವರೇ. ಅಪರಾಧ ಗುರುತರವಾದಷ್ಟೂ ಓಡಿಹೋಗುವ ಆಸೆ ಹೆಚ್ಚು ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಗುರುತರ ಎಂಬ ಒಂದೇ ಕಾರಣಕ್ಕೆ ತೀರ್ಪಿಗೆ ಮುಂಚೆ ಶಿಕ್ಷೆ ಕೊಡುವುದನ್ನು ಒಪ್ಪಲಿಲ್ಲ.

1978ರ ಮೋತಿರಾಂ ಪ್ರಕರಣ ನಮ್ಮಂಥ ಗಡಿನಾಡಿನವರು ಮರೆಯಬಾರದ್ದು. ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದರು. ಅವನ ಸಹೋದರನ ಹೊಣೆಯನ್ನು, ಆತನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಒಪ್ಪಲಿಲ್ಲ. ಕೃಷ್ಣ ಅಯ್ಯರ್ ಆಗ ಕೇಳಿದ ಪ್ರಶ್ನೆಯ ಸಾರ ಇದು: ಒಬ್ಬ ಮಲಯಾಳಿಯೋ ಕನ್ನಡಿಗನೋ ತಮಿಳನೋ ತೆಲುಗನೋ ದೂರದ ಬಸ್ತರಿನಲ್ಲಿ ಅಥವಾ ಪೋರ್ಟ್‌ಬ್ಲೇರಿನಲ್ಲಿ ಬಂಧನಕ್ಕೊಳಗಾದರೆ ಅಲ್ಲಿ ಆಸ್ತಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತಂದಾನು? ಮಲಯಾಳಿ, ಕನ್ನಡಿಗ ಎಂದು ಅವರು ಒಂದೇ ಉಸಿರಿಗೆ ಹೇಳಿದ್ದನ್ನು ಓದಿದಾಗ ನನಗೆ ಕೌಂಟರಿನ ಮುಂದೆ ನಿಂತ ಹೆಂಗಸಿನ ನೆನಪಾಯಿತು. ಅವರ ತಮ್ಮನ ಜಾಗ ಬಸ್ತರಿನಲ್ಲಿರಲಿಲ್ಲ, ಒಂದು ಬಸ್ಸಿನ ದೂರದಲ್ಲಿತ್ತು. ಆದರೂ ಪಹಣಿ ಬೇರೆ ಭಾಷೆಯದು, ರಾಜ್ಯ ಬೇರೆ. ಸ್ಥಳೀಯ ಜಾಮೀನುದಾರರೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುತ್ತದೆ, ಅಂಥ ಷರತ್ತು ಹಾಕದಿರುವುದು ಒಳ್ಳೆಯದೆಂದು ಸುಪ್ರೀಂ ಕೋರ್ಟು 2023ರ ಜನವರಿ 31ರ ಆದೇಶದಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. 1978ರಿಂದ ಅಷ್ಟು ಹೊತ್ತಿಗೆ 45 ವರ್ಷ ಕಳೆದಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಒಂದು ಪಕ್ಷದ ವಕೀಲನಾದಂತೆ. ಇನ್ನೊಂದು ಪಕ್ಷದ ಭಯ ಸುಳ್ಳಲ್ಲ. ನಮ್ಮ ಹಳ್ಳಿಗಳಲ್ಲಿ ಆರೋಪಿಯೂ ಸಾಕ್ಷಿಯೂ ಒಂದೇ ಚಾದಂಗಡಿಯಲ್ಲಿ ಕೂರುತ್ತಾರೆ, ಒಂದೇ ಬಸ್ಸಿನಲ್ಲಿ ಹೋಗುತ್ತಾರೆ. ಬೆದರಿಸಲು ಬಾಯಿ ತೆರೆಯಬೇಕೆಂದೂ ಇಲ್ಲ. ಸಾಕ್ಷಿಯ ಮನೆಯ ಮುಂದೆ ದಿನಕ್ಕೆರಡು ಸಲ ಬೈಕು ನಿಧಾನ ಮಾಡಿದರೆ ಸಾಕು. ಮಗನನ್ನು ಕಳೆದುಕೊಂಡ ತಾಯಿಗೆ, ಅವನನ್ನು ಕೊಂದ ಆರೋಪ ಹೊತ್ತವನು ಜಾತ್ರೆಯಲ್ಲಿ ಎದುರಾಗುವುದು ಎಂಥ ಸಂಕಟವೆಂದು ಯಾವ ಕಲಮೂ ಹೇಳುವುದಿಲ್ಲ.

ಪುಣ್ಯಕೋಟಿಯ ಕಥೆಯನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಮಲಯಾಳಿ ಮಿತ್ರರಿಗಾಗಿ ಒಂದು ಮಾತು ಹೇಳುತ್ತೇನೆ: ಹುಲಿಯ ಬಾಯಿಗೆ ಸಿಕ್ಕ ಹಸು, ಕರುವಿಗೆ ಹಾಲೂಡಿಸಿ ಮರಳಿ ಬರುತ್ತೇನೆಂದು ಮಾತು ಕೊಟ್ಟು, ಹಾಗೆಯೇ ಬರುತ್ತದೆ. ಜಾಮೀನುದಾರನಿಲ್ಲದೆ, ಬರೀ ಮಾತಿನ ಮುಚ್ಚಳಿಕೆಯ ಮೇಲೆ ಸಿಕ್ಕ ಬಿಡುಗಡೆ ಅದು. ಜಾಮೀನಿನ ಪರವಾಗಿ ಮಾತಾಡುವವರಿಗೆ ಇದು ಸೊಗಸಾದ ದೃಷ್ಟಾಂತವಾಗಿ ಕಾಣಬಹುದು. ನನಗೂ ಮೊದಲು ಹಾಗೆಯೇ ಕಂಡಿತ್ತು. ಯೋಚಿಸಿದಾಗ ವ್ಯತ್ಯಾಸ ಕಂಡಿತು. ಹಸು ಬಾರದಿದ್ದರೆ ಹುಲಿ ಕಳೆದುಕೊಳ್ಳುತ್ತಿದ್ದದ್ದು ತನ್ನ ಊಟವನ್ನೇ. ನ್ಯಾಯಾಧೀಶರು ಬಿಟ್ಟವನು ಮಾತಿಗೆ ತಪ್ಪಿದರೆ ಕಳೆದುಕೊಳ್ಳುವವರು ಬೇರೆಯವರು: ಸಾಕ್ಷಿ, ದೂರುದಾರ, ನೆರೆಮನೆಯವನು. ತನ್ನ ಕೈಯ ದುಡ್ಡನ್ನು ನಂಬಿ ಕೊಡುವುದು ಔದಾರ್ಯ; ಪರರ ಠೇವಣಿಯನ್ನು ಹಾಗೆ ಕೊಡಲು ಬರುವುದಿಲ್ಲ. ಬ್ಯಾಂಕಿನವನಾಗಿ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆದ್ದರಿಂದ ನ್ಯಾಯಾಧೀಶರಿಂದ ನಾವು ಕೇಳಬೇಕಾದ್ದು ಉದಾರತೆಯನ್ನಲ್ಲ, ಪೂರ್ತಿ ಲೆಕ್ಕವನ್ನು.

ಪೂರ್ತಿ ಲೆಕ್ಕ ಎಂದರೆ ಏನೆಂಬುದಕ್ಕೆ ನಮ್ಮ ಕಾಸರಗೋಡಿನಲ್ಲೇ ಒಂದು ಪ್ರಕರಣವಿದೆ. 2017ರ ಮಾರ್ಚ್ 20ರ ರಾತ್ರಿ ಚೂರಿಯಲ್ಲಿ, ಕೊಡಗಿನಿಂದ ಬಂದು ಮದ್ರಸದಲ್ಲಿ ಕಲಿಸುತ್ತಿದ್ದ ಒಬ್ಬ ಯುವಕ ಮಸೀದಿಗೆ ತಾಗಿದ ಕೋಣೆಯಲ್ಲಿ ಕೊಲೆಯಾದರು. ಕೆಲವೇ ದಿನಗಳಲ್ಲಿ ಮೂವರ ಬಂಧನವಾಯಿತು. ಊರಿನ ಶಾಂತಿಯೇ ಅಲುಗಾಡಿದ ಪ್ರಕರಣವದು. ಮೂವರಿಗೂ ಜಾಮೀನು ಸಿಗಲಿಲ್ಲ. ಏಳು ವರ್ಷ ಒಳಗೇ ಇದ್ದರು. 2024ರ ಮಾರ್ಚ್ 30ರಂದು ಕಾಸರಗೋಡಿನ ಸೆಷನ್ಸ್ ನ್ಯಾಯಾಲಯ ಮೂವರನ್ನೂ ಖುಲಾಸೆ ಮಾಡಿತು. ಸರಕಾರ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು. ಆದ್ದರಿಂದ ಯಾರು ಸರಿ, ಯಾರು ತಪ್ಪು ಎಂದು ಹೇಳುವುದು ನನ್ನ ಕೆಲಸವಲ್ಲ.

ನಾನು ಕೇಳುವುದು ಬೇರೆಯ ಪ್ರಶ್ನೆ. ಆಗಿನ ಕಾವಿನಲ್ಲಿ ಅವರನ್ನು ಹೊರಗೆ ಬಿಡುವುದು ಅಪಾಯವೆಂದು ನ್ಯಾಯಾಲಯಗಳಿಗೆ ಕಂಡಿದ್ದರೆ ಅದನ್ನು ಆಕ್ಷೇಪಿಸಲಾರೆ. ಆದರೆ ಆ ಏಳು ವರ್ಷಗಳನ್ನು ಈಗ ಯಾವ ಖಾತೆಗೆ ಬರೆಯುವುದು? ಕೆಳಗಿನ ನ್ಯಾಯಾಲಯದ ತೀರ್ಪೇ ಕೊನೆಗೂ ಉಳಿದರೆ, ಮೂವರು ಮನುಷ್ಯರ ಯೌವನದ ಏಳು ವರ್ಷ ಹೋಯಿತು. ತೀರ್ಪು ತಿರುವುಮುರುವಾದರೆ, ಸತ್ತವರ ಮನೆಯವರು ಇಷ್ಟು ವರ್ಷ ಕಾದದ್ದಕ್ಕೆ ಉತ್ತರವಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಿದ್ದೇನೆ. ಆರೋಪಿಗಳು ಒಳಗಿರುವಷ್ಟು ಕಾಲ, ನ್ಯಾಯ ನಡೆಯುತ್ತಿದೆ ಎಂದು ಅನೇಕರಿಗೆ ಸಮಾಧಾನವಿತ್ತು. ಖುಲಾಸೆಯ ದಿನ ಆ ಸಮಾಧಾನ ಒಮ್ಮೆಲೇ ಕುಸಿಯಿತು. ಜಾಮೀನಿನ ನಿರಾಕರಣೆಯನ್ನು ನಾವು ಶಿಕ್ಷೆಯ ಮುಂಗಡ ಕಂತೆಂದು ಭಾವಿಸಿಕೊಂಡಿದ್ದೆವು. ಅದು ದುಃಖಿತರಿಗೂ ಒಳ್ಳೆಯದು ಮಾಡಲಿಲ್ಲ. ತನಿಖೆಯಲ್ಲಿ, ವಿಚಾರಣೆಯಲ್ಲಿ ಸಿಗಬೇಕಾದ ನ್ಯಾಯವನ್ನು ಜೈಲಿನ ಬೀಗದಲ್ಲಿ ಸಿಕ್ಕಿತೆಂದು ನಂಬಿಸಿತು.

ಇದು ಮೂರು ಜನರ ಮಾತಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಕೈದಿಗಳಿದ್ದರೆಂದು ಸರಕಾರದ ಅಂಕಿಅಂಶ ಹೇಳುತ್ತದೆ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ಎಂದರೆ ನಾಲ್ವರಲ್ಲಿ ಮೂವರು. ಹೊಸ ಸಂಹಿತೆಯ 479ನೆಯ ಕಲಮಿನಂತೆ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ, ಮೊದಲ ಬಾರಿ ಆರೋಪಿಯಾದವನು ಮೂರನೆಯ ಒಂದು ಪಾಲು ಕಾಲ ಒಳಗಿದ್ದರೆ ಬಿಡುಗಡೆಗೆ ದಾರಿಯಿದೆ. ಆದರೆ ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಇದು ಅನ್ವಯಿಸುವುದಿಲ್ಲ. ಮಾದಕವಸ್ತು ಕಾಯ್ದೆಯ 37ನೆಯ ಕಲಮಿನಂಥ ಕಡೆ ಲೆಕ್ಕವೇ ತಲೆಕೆಳಗು: ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವಿದೆ, ಹೊರಗೆ ಹೋಗಿ ಅಪರಾಧ ಮಾಡಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಮಾತ್ರ ಜಾಮೀನು. ಮಾಡಲಾರೆನೆಂದು ಯಾರು ತಾನೆ ಸಾಬೀತು ಮಾಡಿಯಾರು?

ಹೀಗಿದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಕೇರಳದ ಅಧ್ಯಾಪಕರೊಬ್ಬರ ಕೈ ಕಡಿದ 2010ರ ಪ್ರಕರಣ ಎಲ್ಲರಿಗೂ ನೆನಪಿರಬಹುದು. ಅದರ ಆರೋಪಿಯೊಬ್ಬ ಐದು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದ. ಇನ್ನೂ 276 ಸಾಕ್ಷಿಗಳ ವಿಚಾರಣೆ ಬಾಕಿಯಿತ್ತು. ಕೇರಳ ಹೈಕೋರ್ಟು ಕೊಟ್ಟ ಜಾಮೀನನ್ನು 2021ರ ಫೆಬ್ರವರಿ 1ರಂದು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕಾಯ್ದೆ ಎಷ್ಟೇ ಬಿಗಿಯಾಗಿರಲಿ, ಬೇಗ ವಿಚಾರಣೆ ಮುಗಿಸಲಾಗದಿದ್ದರೆ ಸಂವಿಧಾನದ ನ್ಯಾಯಾಲಯ ಕೈಕಟ್ಟಿ ಕೂರಬೇಕಿಲ್ಲ ಎಂಬುದು ಅದರ ತಾತ್ಪರ್ಯ. ಆ ಕೃತ್ಯದ ಕ್ರೌರ್ಯ ನೆನೆದರೆ ಇಂದಿಗೂ ಮೈ ನಡುಗುತ್ತದೆ. ಅಂಥ ಪ್ರಕರಣದಲ್ಲೂ ಆರೋಪಿಯ ವರ್ಷಗಳನ್ನು ತಕ್ಕಡಿಗೆ ಹಾಕಿದರಲ್ಲ, ಅದು ಮುಖ್ಯ.

ನನಗೆ ತಿಳಿದ ಮಟ್ಟಿಗೆ ಪೂರ್ತಿ ಲೆಕ್ಕದಲ್ಲಿ ಮೂರು ಸಾಲುಗಳಾದರೂ ಇರಬೇಕು. ಒಂದು, ತೂಗುವುದು ಈ ಮನುಷ್ಯನ ಗಂಡಾಂತರವಾಗಿರಬೇಕು, ಇಂಥ ಆರೋಪ ಹೊತ್ತವರೆಲ್ಲರದ್ದಲ್ಲ. ಅವನ ಮನೆ, ಕೆಲಸ, ಹಿಂದಿನ ನಡತೆ, ಅವನಿಗಾಗಿ ನಿಲ್ಲುವ ಜನ ಯಾರು ಎಂಬುದನ್ನು ನೋಡಬೇಕೆಂದು 1979ರ ಹುಸ್ಸೈನಾರಾ ಖಾತೂನ್ ಪ್ರಕರಣದಲ್ಲೇ ನ್ಯಾಯಮೂರ್ತಿ ಭಗವತಿ ಹೇಳಿದ್ದರು. ಎರಡು, ಗಂಡಾಂತರವನ್ನು ಕಡಿಮೆ ಮಾಡುವ ಬೇರೆ ದಾರಿ ಇದೆಯೇ ಎಂದು ಕೇಳಬೇಕು. ಸಾಕ್ಷಿಗಳಿರುವ ಊರಿಗೆ ಕಾಲಿಡಬಾರದು, ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ ಹಾಕಬೇಕು, ಪಾಸ್‌ಪೋರ್ಟು ಒಪ್ಪಿಸಬೇಕು ಎಂಬ ಷರತ್ತುಗಳು ಇವೆ. ಸಾಕ್ಷಿಯ ರಕ್ಷಣೆ ಸರಕಾರದ ಕರ್ತವ್ಯವೆಂದು 2018ರ ಸಾಕ್ಷಿ ಸಂರಕ್ಷಣಾ ಯೋಜನೆ ಹೇಳುತ್ತದೆ. ಸರಕಾರ ಕಾವಲು ಕೊಡಲಾರದ್ದಕ್ಕೆ ಆರೋಪಿಯನ್ನು ಒಳಗಿಡುವುದು ಸುಲಭದ ದಾರಿಯಾಗಬಾರದು. ಮೂರು, ಲೆಕ್ಕವನ್ನು ಮತ್ತೆ ಮತ್ತೆ ಮಾಡಬೇಕು. ಮುಖ್ಯ ಸಾಕ್ಷಿಗಳ ಹೇಳಿಕೆ ಮುಗಿದ ಮೇಲೆ ಅವರನ್ನು ಬೆದರಿಸುವ ಭಯ ಕಡಿಮೆಯಾಗುತ್ತದೆ. ಒಳಗಿದ್ದ ಕಾಲದ ಭಾರವಾದರೋ ತಿಂಗಳು ತಿಂಗಳು ಏರುತ್ತ ಹೋಗುತ್ತದೆ. ಮೊದಲ ದಿನ ಸರಿಯಾಗಿದ್ದ ‘ಆಗದು’ ಮೂರನೆಯ ವರ್ಷಕ್ಕೂ ತಾನಾಗಿ ಸರಿಯಾಗಿರುವುದಿಲ್ಲ.

ಸುಳ್ಳು ಮೊಕದ್ದಮೆಗಳಿಂದ ಜೈಲು ಕಂಡವರಿಗೆ ಪರಿಹಾರ ಕೊಡುವ ಕಾನೂನು ಬೇಕೆಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಅಂಥ ಕಾನೂನು ಬಂದಿಲ್ಲ. ಬಂದರೆ, ಬಿಡದೆ ಮಾಡಿದ ತಪ್ಪಿಗೂ ಒಂದು ಖಾತೆ ತೆರೆದಂತಾಗುತ್ತದೆ. ದುಡ್ಡು ಎಷ್ಟೆಂಬುದು ಆ ಮೇಲಿನ ಮಾತು.

ಆ ಹೆಂಗಸು ಎರಡು ವರ್ಷಗಳಲ್ಲಿ ಸಾಲ ತೀರಿಸಿದರು. ಆಧಾರ ಬಿಡಿಸಿಕೊಳ್ಳಲು ಬಂದಾಗ ತಮ್ಮನೂ ಜೊತೆಗಿದ್ದ. ಕೇಸು ಇನ್ನೂ ನಡೆಯುತ್ತಿತ್ತು. ಒಂದು ವಾಯಿದೆಯನ್ನೂ ತಪ್ಪಿಸಿಲ್ಲವೆಂದು ನಾನು ಕೇಳದೆಯೇ ಹೇಳಿದ. ಬೆಳಗ್ಗೆ ಆರಕ್ಕೆ ಹೊರಟು ಎರಡು ಬಸ್ಸು ಬದಲಿಸಿ ಹೋಗುತ್ತಾನಂತೆ. “ಆವತ್ತು ನೀವು ಕಾಗದ ಕೊಟ್ಟದ್ದಕ್ಕೆ ದೊಡ್ಡ ಉಪಕಾರವಾಯ್ತು ಸಾರ್” ಎಂದು ಅಕ್ಕ ಕೈ ಮುಗಿದರು. ಐದು ರಾತ್ರಿಗಳ ವಿಷಯ ನಾನು ಹೇಳಲಿಲ್ಲ. ಹೇಳಬೇಕಾಗಿತ್ತು ಎಂದು ಈಗ ಅನಿಸುತ್ತದೆ. ಸಾಲದ ಖಾತೆಗೆ ‘ಮುಕ್ತಾಯ’ದ ಮೊಹರು ಒತ್ತಿ, ಆಧಾರವನ್ನು ಅವರ ಕೈಗೆ ಕೊಟ್ಟು, ಪಡೆದುಕೊಂಡದ್ದಕ್ಕೆ ಸಹಿ ಹಾಕಿಸಿಕೊಂಡೆ.